ಸೇಂಟ್ ಪಾಲ್ ರೋಡಿಯೊಗೆ ಮೊದಲ ಸಲ ಹೊರಟವರಿಗೆ

ಅಮೆರಿಕದ ಆರೆಗನ್ ರಾಜ್ಯದ ಹಿಲ್ಸ್‌ಬರೋದಲ್ಲಿ ಮನೆ ಮಾಡಿರುವವರಿಗೆ ಹೈವೇ 219 ಗೊತ್ತಿರುತ್ತದೆ. ಅದು ಇಲ್ಲಿಂದಲೇ ಶುರು. ಅದೇ ರಸ್ತೆ ಹಿಡಿದು ದಕ್ಷಿಣಕ್ಕೆ ಹೋಗಿ. ನ್ಯೂಬರ್ಗ್ ದಾಟಿ, ವಿಲಾಮೆಟ್ ನದಿ ದಾಟಿದರೆ ಸೇಂಟ್ ಪಾಲ್. ಐನೂರು ಜನರೂ ಇಲ್ಲದ ಊರು. ಸುತ್ತ ಹುಲ್ಲಿನ ಬೀಜದ ಹೊಲ, ಹೇಜಲ್‌ನಟ್ ತೋಟ, ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿಯ ಎತ್ತರದ ಚಪ್ಪರ. 1846ರಲ್ಲಿ ಕಟ್ಟಿದ ಇಟ್ಟಿಗೆ ಚರ್ಚ್ ಒಂದಿದೆ. ಉಳಿದ ದಿನ ಇಷ್ಟೇ. ಆದರೆ ಅಮೆರಿಕದ ಸ್ವಾತಂತ್ರ್ಯ ದಿನ, ಜುಲೈ 4ರ ಆಸುಪಾಸಿಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ನಡೆಯುವುದೇ ರೋಡಿಯೊ, ಅಂದರೆ ಗೂಳಿ ಸವಾರಿ, ಕುದುರೆ ಸವಾರಿ, ಹಗ್ಗ ಎಸೆದು ದನ ಹಿಡಿಯುವ ಸ್ಪರ್ಧೆಗಳು. 1936ರಲ್ಲಿ ಶುರುವಾಗಿದ್ದು. ಊರವರೇ ಸ್ವಯಂಸೇವಕರಾಗಿ ನಿಂತು ನಡೆಸುತ್ತಾರೆ.

ನಾವು ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಎಂಟು ಸಲ ಹೋಗಿದ್ದೇನೆ. ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ಬಂದ ಯಾರಾದರೂ ಕೇಳುತ್ತಾರೆ. ನಮ್ಮಂಥವರು ಅಲ್ಲಿಗೆ ಹೋಗಬಹುದಾ? ತಿನ್ನೋಕೆ ಏನು ಸಿಗುತ್ತೆ? ಪ್ರಾಣಿಗಳಿಗೆ ಹಿಂಸೆ ಅಲ್ವಾ? ಮೂರೂ ಸರಿಯಾದ ಪ್ರಶ್ನೆಗಳೇ. ನನ್ನ ಉತ್ತರ ಒಂದೇ. ಪಕ್ಕದೂರಿನ ಜಾತ್ರೆಗೆ ಹೋದ ಹಾಗೆ ಹೋಗಿ. ಜಾತ್ರೆಗೆ ಹೋದವರು ತೇರು ಎಳೆಯುವುದನ್ನು ಮಾತ್ರ ನೋಡಿ ಬರುವುದಿಲ್ಲ. ಬೆಳಿಗ್ಗೆಯೇ ಹೋಗುತ್ತಾರೆ, ಜನರ ಜೊತೆ ಕೂರುತ್ತಾರೆ, ದನ ನೋಡುತ್ತಾರೆ, ಮಾತಾಡಿಸುತ್ತಾರೆ. ಇಲ್ಲೂ ಹಾಗೇ ಮಾಡಬೇಕು.

ಮೊದಲು ಟಿಕೆಟ್. ಜುಲೈ 4ರ ದಿನದ್ದು ಬೇಗ ಮುಗಿದುಹೋಗುತ್ತದೆ, ಮುಂಚೆಯೇ ತೆಗೆದುಕೊಳ್ಳಿ. ಸೀಟು ಆರಿಸುವಾಗ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡಿ. ಇಲ್ಲಿ ಜುಲೈನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ನಮ್ಮ ಮೊದಲ ವರ್ಷ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದೆವು. ಮಗು ಬಿಸಿಲಿಗೆ ಕೆಂಪಾಗಿ, ಸುಸ್ತಾಗಿ, ಅರ್ಧಕ್ಕೇ ಎದ್ದು ಬರಬೇಕಾಯಿತು. ಟೋಪಿ, ನೀರು, ಕೂರಲು ಒಂದು ದಿಂಬು ಬೇಕೇ ಬೇಕು. ಕತ್ತಲಾದ ಮೇಲೆ ಚಳಿ ಬರುತ್ತದೆ, ಸ್ವೆಟರ್ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಇನ್ನೊಂದು ಮಾತು. ಈ ಕಣಿವೆಯಲ್ಲಿ ಹುಲ್ಲಿನ ಬೀಜದ ಬೇಸಾಯ ಜಾಸ್ತಿ. ಆ ಹೊತ್ತಿಗೆ ಹುಲ್ಲಿನ ಪರಾಗ ಗಾಳಿಯಲ್ಲಿರುತ್ತದೆ, ಜೊತೆಗೆ ಅಂಕಣದ ಧೂಳು. ಕಣ್ಣು ತುರಿಕೆ, ಸೀನು ಇರುವವರು ಬೆಳಿಗ್ಗೆಯೇ ಅಲರ್ಜಿ ಮಾತ್ರೆ ತೆಗೆದುಕೊಂಡು ಹೊರಡಿ.

ಗಾಡಿ ನಿಲ್ಲಿಸಲು ಊರವರು ತಮ್ಮ ಅಂಗಳ, ಹೊಲವನ್ನೇ ಬಿಟ್ಟುಕೊಡುತ್ತಾರೆ. ಕೈಯಲ್ಲಿ ಸ್ವಲ್ಪ ನಗದು ಇರಲಿ.

ಈಗ ನಿಜವಾದ ವಿಷಯ. ಸಂಜೆಯ ಪ್ರದರ್ಶನದಲ್ಲಿ ಎಲ್ಲ ಸ್ಪರ್ಧಿಗಳಿಗೂ ಸಮಯ ಸಾಲುವುದಿಲ್ಲ. ಉಳಿದವರನ್ನು ಬೇರೆ ಹೊತ್ತಿನಲ್ಲಿ, ಹೆಚ್ಚಾಗಿ ಬೆಳಗಿನ ಹೊತ್ತು, ಆಡಿಸುತ್ತಾರೆ. ಅದಕ್ಕೆ ಸ್ಲ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ ರೋಡಿಯೊಗಳಲ್ಲಿ ಸ್ಲ್ಯಾಕ್‌ಗೆ ಟಿಕೆಟ್ ಇರುವುದಿಲ್ಲ. ಸಂಗೀತವಿಲ್ಲ, ಕೂಗಾಟವಿಲ್ಲ, ಜನ ಕಡಿಮೆ. ಬೇಲಿಗೆ ಒರಗಿ ನಿಂತು ಕುದುರೆಯ ಉಸಿರಾಟ ಕೇಳುವಷ್ಟು ಹತ್ತಿರದಿಂದ ನೋಡಬಹುದು. ಮಕ್ಕಳಿರುವವರು ಮೊದಲು ಸ್ಲ್ಯಾಕ್ ನೋಡಿ, ಆಮೇಲೆ ಸಂಜೆಯ ಆಟ ನೋಡಿ.

ಅವ್ವ ಬಂದ ವರ್ಷ ನಾನು ಹಾಗೇ ಮಾಡಿದೆ. ನಮ್ಮದು ಹಾವೇರಿ ಕಡೆ. ದೀಪಾವಳಿ ಮುಗಿದರೆ ನಮ್ಮಲ್ಲಿ ಹೋರಿ ಹಬ್ಬ. ಕೊಬ್ಬರಿ ಸರ, ಬಲೂನು, ರಿಬ್ಬನ್ ಕಟ್ಟಿಸಿಕೊಂಡು ಓಡುವ ಹೋರಿ, ಕೊಬ್ಬರಿ ಹರಿಯಲು ಮುಗಿಬೀಳುವ ಹುಡುಗರು. ಅದನ್ನು ನೋಡುತ್ತಲೇ ಬೆಳೆದವಳು ನಮ್ಮವ್ವ. ಇಳಕಲ್ ಸೀರೆ ಉಟ್ಟು ಬಂದು ಬೇಲಿಯ ಹತ್ತಿರ ನಿಂತಳು. ಆಟವನ್ನು ನೋಡಲೇ ಇಲ್ಲ. ಹಿಂದೆ ಕಬ್ಬಿಣದ ದೊಡ್ಡಿಯಲ್ಲಿ ನಿಂತ ಗೂಳಿಗಳನ್ನೇ ನೋಡುತ್ತಿದ್ದಳು. "ಮೇವು ಹಾಕ್ಯಾರೇನೋ ಇವಕ್ಕ?" ಅಂದಳು. ಪಕ್ಕದಲ್ಲಿದ್ದ ಬಿಳಿ ಮೀಸೆಯ ಅಜ್ಜ, ಅಮ್ಮ ಏನು ಕೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ದೊಡ್ಡಿಯ ಮೂಲೆಯ ನೀರಿನ ತೊಟ್ಟಿ ತೋರಿಸಿದರು, ಒಣಹುಲ್ಲಿನ ಪೆಂಡಿ ತೋರಿಸಿದರು. ಆಮೇಲೆ, "ಇವು ತಿಂದ ಮೇಲೆಯೇ ನಮ್ಮ ತಿಂಡಿ" ಎಂದರು. ಅವ್ವನಿಗೆ ಅದು ಸಾಕಾಯಿತು. ಅರ್ಧ ಗಂಟೆ ಇಬ್ಬರೂ ದನದ ಹಲ್ಲು, ಗೊರಸು, ವಯಸ್ಸು ಎಂದು ಮಾತಾಡಿದರು. ನಡುವೆ ನಾನು ಅನುವಾದಕ. ಆವತ್ತು ಅವ್ವನ ಮುಖದಲ್ಲಿ ಕಂಡ ಗೆಲುವು ಅವಳು ಇಲ್ಲಿದ್ದ ಆರು ತಿಂಗಳಲ್ಲಿ ಮತ್ತೆಲ್ಲೂ ಕಾಣಲಿಲ್ಲ.

ಆಟದ ಲೆಕ್ಕ ಗೊತ್ತಿದ್ದರೆ ನೋಡಲು ರುಚಿ. ಗೂಳಿ ಸವಾರಿಯಲ್ಲಿ ಎಂಟು ಸೆಕೆಂಡು ಕೂತಿರಬೇಕು. ಹಗ್ಗಕ್ಕೆ ಒಂದೇ ಕೈ. ಇನ್ನೊಂದು ಕೈ ಗೂಳಿಗಾಗಲಿ, ತನ್ನ ಮೈಗಾಗಲಿ ತಾಗಿದರೆ ಮುಗಿಯಿತು. ನೂರು ಅಂಕದಲ್ಲಿ ಐವತ್ತು ಸವಾರನಿಗೆ, ಐವತ್ತು ಗೂಳಿಗೆ. ಗೂಳಿ ಎಷ್ಟು ಚೆನ್ನಾಗಿ ಎಗರಿತು, ತಿರುಗಿತು ಎನ್ನುವುದಕ್ಕೂ ಅಂಕ ಇದೆ. ಮೆತ್ತಗಿನ ಗೂಳಿ ಸಿಕ್ಕಿದರೆ ಸವಾರನಿಗೇ ನಷ್ಟ. ನಮ್ಮಲ್ಲಿ ಹೋರಿಗೆ ಹೆಸರಿಟ್ಟು, ಹೆಸರು ಹೇಳಿ ಜೈಕಾರ ಹಾಕುತ್ತಾರಲ್ಲ, ಇಲ್ಲೂ ಹಾಗೇ. ರೆಡ್ ರಾಕ್ ಎಂಬ ಗೂಳಿಯ ಮೇಲೆ 309 ಸಲ ಸವಾರರು ಹತ್ತಿದರೂ ಒಬ್ಬರೂ ಎಂಟು ಸೆಕೆಂಡು ಉಳಿಯಲಿಲ್ಲ. ಅದು ನಿವೃತ್ತಿಯಾದ ಮೇಲೆ 1988ರಲ್ಲಿ ಲೇನ್ ಫ್ರಾಸ್ಟ್ ಎಂಬ ಚಾಂಪಿಯನ್ ಏಳು ಸಲ ಅದರ ಮೇಲೆ ಕೂತು ನಾಲ್ಕು ಸಲ ಗೆದ್ದ. ಮರುವರ್ಷವೇ ಶಯೆನ್ ರೋಡಿಯೊದಲ್ಲಿ ಬೇರೊಂದು ಗೂಳಿ ತಿವಿದು ಅವನು ತೀರಿಕೊಂಡ. ಈಗ ಗೂಳಿ ಸವಾರರು ಹಾಕುವ ರಕ್ಷಣಾ ಜಾಕೆಟ್ ಬಳಕೆಗೆ ಬಂದಿದ್ದು ಆ ಸಾವಿನ ನಂತರ.

ಗೇಟಿನ ಹತ್ತಿರ ಸೀಟು ಸಿಕ್ಕಿದರೆ ಸವಾರನ ಎಡಗೈ ಬಲಗೈ ನೋಡಿ. ಗೂಳಿ ಮಾತ್ರ ಹಿಡಿಸುವಷ್ಟು ಇಕ್ಕಟ್ಟಾದ ಕಟಕಟೆಯೊಳಗೆ ಇಳಿದು ಗೂಳಿಯ ಮೇಲೆ ಕೂರುತ್ತಾನೆ. ಹಗ್ಗಕ್ಕೆ ರಾಳ ತಿಕ್ಕಿರುತ್ತಾರೆ. ಕೈ ಒಳಗೆ ಹಾಕಿ, ಹಗ್ಗ ಸುತ್ತಿ, ಇನ್ನೊಂದು ಮುಷ್ಟಿಯಿಂದ ಬೆರಳಿನ ಮೇಲೆ ಗುದ್ದಿಕೊಳ್ಳುತ್ತಾನೆ. ಹಗ್ಗದ ಕೆಳಗೆ ಒಂದು ಗಂಟೆ ನೇತಾಡುತ್ತಿರುತ್ತದೆ. ಎಲ್ಲ ಸರಿಯಾದ ಮೇಲೆ ಬಾಯಿ ಬಿಡುವುದಿಲ್ಲ, ತಲೆ ಮಾತ್ರ ಆಡಿಸುತ್ತಾನೆ. ಗೇಟು ತೆರೆಯುತ್ತದೆ. ಬಿದ್ದ ಸವಾರನಿಗೂ ಗೂಳಿಗೂ ಮಧ್ಯೆ ಓಡಿ ಹೋಗುವವರು ಬುಲ್‌ಫೈಟರ್‌ಗಳು. ಅವರು ಗೂಳಿಗೆ ಏನೂ ಮಾಡುವುದಿಲ್ಲ. ತಮ್ಮ ಮೈ ಒಡ್ಡಿ ಅದರ ಗಮನ ಬೇರೆ ಕಡೆ ಎಳೆಯುತ್ತಾರೆ. ಹೋರಿ ಹಬ್ಬ ನೋಡಿದವರಿಗೆ ಆ ಧೈರ್ಯದ ಬೆಲೆ ಹೇಳಬೇಕಾಗಿಲ್ಲ.

ಬ್ಯಾರಲ್ ರೇಸಿಂಗ್ ಹೆಣ್ಣುಮಕ್ಕಳದ್ದು. ಮೂರು ಡ್ರಮ್ ಸುತ್ತಿ ಕುದುರೆ ಓಡಿಸಬೇಕು, ಒಂದು ಉರುಳಿದರೆ ಐದು ಸೆಕೆಂಡು ದಂಡ. ಮಕ್ಕಳಿಗೆ ಮಟನ್ ಬಸ್ಟಿಂಗ್ ಇರುತ್ತದೆ. ಹೆಲ್ಮೆಟ್ ಹಾಕಿ ಪುಟ್ಟ ಮಕ್ಕಳನ್ನು ಕುರಿಯ ಮೇಲೆ ಕೂರಿಸಿ ಬಿಡುವುದು. ನಿಮ್ಮ ಮಗುವಿಗೆ ಆಸೆಯಿದ್ದರೆ ಮುಂಚೆಯೇ ಹೆಸರು ಕೊಡಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಬೀಳುವುದಂತೂ ಖಂಡಿತ.

ಇನ್ನು ಹಿಂಸೆಯ ಪ್ರಶ್ನೆ. ಕರುವಿಗೆ ಹಗ್ಗ ಎಸೆದು, ಕೆಡವಿ, ಮೂರು ಕಾಲು ಕಟ್ಟುವ ಸ್ಪರ್ಧೆ ಇದೆ. ಕರು ಓಡುತ್ತಿರುವಾಗ ಹಗ್ಗ ಬಿಗಿಯುತ್ತದೆ. ನನಗೆ ಇವತ್ತಿಗೂ ಅದನ್ನು ನೋಡಲು ಆಗುವುದಿಲ್ಲ. ಅವ್ವ ಸೆರಗು ಮುಖಕ್ಕೆ ಹಿಡಿದುಕೊಂಡಳು. ಆ ಹತ್ತು ನಿಮಿಷ ಎದ್ದು ನಿಂಬೆ ಷರಬತ್ತು ಕುಡಿದು ಬನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಹಾಗೆಂದು ಕೇಳಿದ್ದನ್ನೆಲ್ಲ ನಂಬಬೇಡಿ. ಗೂಳಿಯ ಬೀಜಕ್ಕೆ ಹಗ್ಗ ಕಟ್ಟುತ್ತಾರೆ ಎಂದು ನಮ್ಮವರು ಹೇಳುತ್ತಿರುತ್ತಾರೆ. ಅದು ಸುಳ್ಳು. ಪಟ್ಟಿ ಕಟ್ಟುವುದು ಹಿಂಗಾಲಿನ ಮುಂದೆ, ಹೊಟ್ಟೆಯ ಸುತ್ತ. ಪಿಆರ್‌ಸಿಎ ಎಂಬ ವೃತ್ತಿಪರ ಸಂಘದ ರೋಡಿಯೊಗಳಲ್ಲಿ ಪಶುವೈದ್ಯರು ಅಲ್ಲೇ ಇರಬೇಕೆಂಬ ನಿಯಮವಿದೆ. ರೋಡಿಯೊ ಬೇಡವೇ ಬೇಡ ಎನ್ನುವ ಪ್ರಾಣಿದಯಾ ಸಂಘಗಳು ಈ ದೇಶದಲ್ಲೂ ಇವೆ. ನಮ್ಮಲ್ಲೂ 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಕಂಬಳ ನಿಂತಿತು. ಆಮೇಲೆ ಕರ್ನಾಟಕ ಕಾನೂನು ತಿದ್ದಿತು, 2023ರಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ಜಗಳ ಎರಡೂ ಕಡೆಯದು. ಪಕ್ಕದ ಸೀಟಿನವರ ಜೊತೆ ಈ ಬಗ್ಗೆ ಮಾತಾಡಬಹುದು. ಅವರ ಮನೆಯಲ್ಲೂ ದನ ಸಾಕಿರುತ್ತಾರೆ ಎನ್ನುವುದು ನೆನಪಿರಲಿ.

ನಮ್ಮಂಥವರು ಹೋಗಬಹುದಾ ಎನ್ನುವುದಕ್ಕೆ ಬರುತ್ತೇನೆ. ಈ ಆಟ ಬಿಳಿಯರ ಸ್ವತ್ತು ಎಂದು ಅಂದುಕೊಂಡಿದ್ದರೆ ಅದು ತಪ್ಪು ತಿಳಿವಳಿಕೆ. ರೋಡಿಯೊ ಎಂಬ ಮಾತೇ ಸ್ಪ್ಯಾನಿಷ್‌ನದು, ದನಗಳನ್ನು ಸುತ್ತುವರಿದು ಒಟ್ಟು ಮಾಡುವುದು ಎಂದು ಅರ್ಥ. ಕಲೆ ಬಂದಿದ್ದು ಮೆಕ್ಸಿಕೋದ ದನಗಾಹಿಗಳಿಂದ. ಎತ್ತಿನ ಕೊಂಬು ಹಿಡಿದು ಕೆಡವುವ ಸ್ಪರ್ಧೆಯನ್ನು ಹೆಸರಿಗೆ ತಂದವನು ಬಿಲ್ ಪಿಕೆಟ್, ಟೆಕ್ಸಸ್‌ನ ಕಪ್ಪು ಕೌಬಾಯ್. ನಮ್ಮ ಆರೆಗನ್‌ನದೇ ಕಥೆ ಇದೆ. 1911ರಲ್ಲಿ ಪೆಂಡಲ್ಟನ್ ಊರಿನ ರೌಂಡಪ್ ಎಂಬ ರೋಡಿಯೊದಲ್ಲಿ ಜಾರ್ಜ್ ಫ್ಲೆಚರ್ ಎಂಬ ಕಪ್ಪು ಸವಾರ ಕುದುರೆಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಕೂತ ಎಂದು ಜನರಿಗೆಲ್ಲ ಅನ್ನಿಸಿತು. ಮೊದಲ ಬಹುಮಾನ ಮಾತ್ರ ಬಿಳಿಯ ಸವಾರನಿಗೆ ಹೋಯಿತು. ಟಿಲ್ ಟೇಲರ್ ಎಂಬ ಶೆರಿಫ್ ಫ್ಲೆಚರ್‌ನ ಟೋಪಿಯನ್ನು ಚೂರು ಚೂರು ಮಾಡಿ, ಆ ಚೂರುಗಳನ್ನು ಜನರಿಗೆ ಮಾರಿ, ಬಂದ ದುಡ್ಡನ್ನು ಅವನಿಗೆ ಕೊಟ್ಟರು. ಅದೇ ಊರಿನ ಮೇನ್ ಸ್ಟ್ರೀಟಿನಲ್ಲಿ ಈಗ ಫ್ಲೆಚರ್‌ನ ಕಂಚಿನ ಪ್ರತಿಮೆ ನಿಂತಿದೆ. 1916ರಲ್ಲಿ ಅಲ್ಲಿ ಗೆದ್ದವನು ಜಾಕ್ಸನ್ ಸನ್‌ಡೌನ್, ನೆಜ್ ಪರ್ಸ್ ಬುಡಕಟ್ಟಿನವನು. ನನ್ನ ಅನುಭವ ಕೇಳಿದರೆ, ಜನ ಒಮ್ಮೆ ತಿರುಗಿ ನೋಡುತ್ತಾರೆ. ನೀವು ನಕ್ಕರೆ ಅವರೂ ನಗುತ್ತಾರೆ. ಪಕ್ಕದವರನ್ನು "ಇದು ನಮಗೆ ಮೊದಲ ರೋಡಿಯೊ" ಎಂದು ಮಾತಾಡಿಸಿ. ಅಲ್ಲಿಂದ ಮುಂದೆ ನೀವು ಏನೂ ಕೇಳಬೇಕಾಗಿಲ್ಲ, ಅವರೇ ಹೇಳುತ್ತಾ ಹೋಗುತ್ತಾರೆ.

ಕೆಲವು ರೀತಿ ರಿವಾಜು. ಶುರುವಿನಲ್ಲಿ ಕುದುರೆಗಳ ಮೇಲೆ ಧ್ವಜ ಬರುತ್ತದೆ, ಪ್ರಾರ್ಥನೆ ಇರುತ್ತದೆ, ರಾಷ್ಟ್ರಗೀತೆ ಇರುತ್ತದೆ. ಎದ್ದು ನಿಂತು ಟೋಪಿ ತೆಗೆಯಿರಿ, ಸುಮ್ಮನೆ ನಿಂತರೆ ಸಾಕು. ಇನ್ನೊಬ್ಬರ ಟೋಪಿ ಮುಟ್ಟಬೇಡಿ. ಕುದುರೆಯ ಹಿಂದಿನಿಂದ ಹಾದು ಹೋಗಬೇಡಿ, ಮಕ್ಕಳ ಕೈ ಬಿಡಬೇಡಿ. ಜೀನ್ಸ್, ಕಾಲು ಮುಚ್ಚುವ ಶೂ ಒಳ್ಳೆಯದು. ಸೀರೆಗೂ ಅಡ್ಡಿಯಿಲ್ಲ, ಅವ್ವನ ಸೆರಗನ್ನು ಎಷ್ಟು ಜನ ಹೊಗಳಿದರೋ ಲೆಕ್ಕವಿಲ್ಲ.

ಊಟ ಸಸ್ಯಾಹಾರಿಗಳಿಗೆ ಕಷ್ಟವೇ. ಸುಟ್ಟ ಜೋಳದ ತೆನೆ, ಪಾಪ್‌ಕಾರ್ನ್, ಹಣ್ಣು, ನಿಂಬೆ ಷರಬತ್ತು ನಂಬಬಹುದು. ಫ್ರೈಸ್ ಕೋಳಿ ಕರಿದ ಎಣ್ಣೆಯಲ್ಲೇ ಕರಿದಿರಬಹುದು, ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ. ನಾವು ಮನೆಯಲ್ಲೇ ಮೊಸರನ್ನ, ಚಪಾತಿ ಕಟ್ಟಿಕೊಂಡು, ಹೊಲದಲ್ಲಿ ನಿಲ್ಲಿಸಿದ ಕಾರಿನ ಹಿಂದೆ ಕೂತು ತಿಂದು ಒಳಗೆ ಹೋಗುತ್ತೇವೆ. ಬಿಯರ್ ಕುಡಿಯುವವರು ಅಸಲಿ ಗುರುತಿನ ಚೀಟಿ ಇಟ್ಟುಕೊಳ್ಳಿ. ಕುಡಿದವರು ಸ್ಟೀರಿಂಗ್ ಮುಟ್ಟಲೇಬಾರದು. ವೀಸಾದ ಮೇಲೆ ಇರುವವರು ಕುಡಿದು ಓಡಿಸಿ ಸಿಕ್ಕಿಬಿದ್ದರೆ ವೀಸಾ ರದ್ದಾಗುವವರೆಗೂ ಹೋಗಬಹುದು.

ರಾತ್ರಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಅವಸರ ಮಾಡಬೇಡಿ, ಅರ್ಧ ಗಂಟೆ ಹೊಲದಲ್ಲೇ ಕೂತಿರಿ. ಆಗ ಇನ್ನೊಂದು ನೋಟ ಸಿಗುತ್ತದೆ. ಸವಾರರಿಗೆ ಸಂಬಳವಿಲ್ಲ. ತಾವೇ ಪ್ರವೇಶ ಶುಲ್ಕ ಕಟ್ಟಿ ಬರುತ್ತಾರೆ, ಗೆಲ್ಲದಿದ್ದರೆ ಬರಿಗೈ. ಜುಲೈ 4ರ ಸುತ್ತಮುತ್ತ ರೋಡಿಯೊಗಳು ಸಾಲು ಸಾಲು, ಬಹುಮಾನವೂ ಜಾಸ್ತಿ. ಅದಕ್ಕೇ ಅವರು ಈ ದಿನಗಳನ್ನು ಕೌಬಾಯ್ ಕ್ರಿಸ್‌ಮಸ್ ಎನ್ನುತ್ತಾರೆ. ಹತ್ತಿರದ ಮೊಲಾಲಾದಲ್ಲೂ ಇದೇ ವಾರ ರೋಡಿಯೊ, ಅದು 1913ರಲ್ಲಿ ಊರಿಗೆ ರೈಲು ಬಂದ ಸಂಭ್ರಮಕ್ಕೆ ಶುರುವಾಗಿದ್ದು. ಇಲ್ಲಿ ಬಿದ್ದವನು ಕುಂಟುತ್ತಲೇ ಜೀನು ಎತ್ತಿ ಗಾಡಿಗೆ ಹಾಕಿ, ರಾತ್ರಿಯಿಡೀ ಓಡಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾನೆ. 219ರಲ್ಲಿ ನಿಮ್ಮ ಮುಂದೆ ನಿಧಾನವಾಗಿ ಹೋಗುವ ಟ್ರೇಲರ್ ಸಿಕ್ಕರೆ ಹಾರ್ನ್ ಹೊಡೆಯಬೇಡಿ, ಮೈಮೇಲೆ ಬಿದ್ದ ಹಾಗೆ ಹತ್ತಿರ ಹೋಗಬೇಡಿ. ಒಳಗೆ ಕುದುರೆಗಳು ನಿಂತಿರುತ್ತವೆ.