ಉರು ಹೊಡೆಸೋದು ಬಿಟ್ಟ ಮೇಲೆ

ಹಾಸನ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಒಂದು ಜನವರಿ 26ಕ್ಕೆ ಒಂಬತ್ತನೇ ಕ್ಲಾಸಿನ ಹುಡುಗಿಗೆ ಎರಡು ಪುಟದ ಭಾಷಣ ನಾನೇ ಬರೆದುಕೊಟ್ಟು, ಉರು ಹೊಡೆಸಿ, ಮೈಕ್ ಮುಂದೆ ನಿಲ್ಲಿಸಿದ್ದೆ. ನಾಲ್ಕನೇ ಸಾಲಿನಲ್ಲಿ ಒಂದು ಪದ ಕೈಕೊಟ್ಟಿತು. ಅದರ ಹಿಂದೆ ಉಳಿದದ್ದೂ ಹೋಯಿತು. ಅರ್ಥವೇ ಗೊತ್ತಿಲ್ಲದ್ದು ನೆನಪಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ಹೇಳಿ? ಅವಳು ಮತ್ತೆ ಮೈಕ್ ಹತ್ತಿರ ಬರಲೇ ಇಲ್ಲ. ಅದು ಈಗಲೂ ಚುಚ್ಚುತ್ತದೆ.

ಆಮೇಲೆ ಓದಿನಿಂದ ಶುರು ಮಾಡಿದೆ. ಕನ್ನಡದಲ್ಲಿ ಬರೆದಂತೆ ಓದಿದರಾಯಿತು. ಇಂಗ್ಲಿಷಿನ 'ನೈಫ್'ಗೆ ಮುಂದೊಂದು 'ಕೆ' ಸುಮ್ನೆ ನಿಂತಿರುತ್ತದೆ, ಮಕ್ಕಳು 'ಕ್ನೈಫ್' ಅಂದರೆ ನಗುವಂಥದ್ದೇನಿಲ್ಲ. ಇನ್ನು ನಮ್ಮ ಕಡೆ ಹಕಾರ ನುಂಗುತ್ತೇವೆ, ಹಾಸನವೇ 'ಆಸ್ನ' ಅಲ್ವಾ? ಹಾಗಾಗಿ 'ಹಿಲ್' ಹೋಗಿ 'ಇಲ್' ಆಗುತ್ತದೆ, ಬೆಟ್ಟ ಹತ್ತಬೇಕಾದವರು ಕಾಯಿಲೆ ಬೀಳುತ್ತಾರೆ! ಅಂಗೈಯನ್ನು ಬಾಯಿ ಮುಂದೆ ಹಿಡಿದು ಹೇಳಿ ಅಂದೆ. ಬಿಸಿ ಉಸಿರು ತಾಗಿದರೆ ಹಕಾರ ಬಂತು ಅಂತ ಲೆಕ್ಕ.

ಒಂದು ಸಲಕ್ಕೆ ಐದೇ ಸಾಲು. ಮೊದಲು ಕನ್ನಡದಲ್ಲಿ ಅರ್ಥ, ಆಮೇಲೆ ನಾನು ಓದುವುದು, ನಾನು ಎಲ್ಲಿ ನಿಲ್ಲಿಸುತ್ತೇನೋ ಅಲ್ಲಿ ಅವರು ಪೆನ್ಸಿಲ್‌ನಲ್ಲಿ ಗೆರೆ ಹಾಕುವುದು, ಆಮೇಲೆ ಇಬ್ಬಿಬ್ಬರು ಕೂತು ಒಬ್ಬರಿಗೊಬ್ಬರು ಓದುವುದು. ಅದನ್ನೇ ಮೂರು ದಿನ. ಪೋರ್ಷನ್ ಮುಗಿಯಲ್ಲ ಅಂತ ಸಹೋದ್ಯೋಗಿಗಳು ಗೊಣಗಿದರು. ಮೂರನೇ ದಿನ ಅಕ್ಷರಕ್ಕೆ ಬೆರಳಿಡುವುದು ನಿಂತಿದ್ದು ಅವರಿಗೆ ಕಾಣಲಿಲ್ಲ.

ಮಾತಿಗೆ ಹಳೇಬೀಡು ಆರಿಸಿಕೊಂಡೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋ ಪಟ್ಟಿ ಸೇರಿದವು, ಮಕ್ಕಳಿಗೂ ಹುಮ್ಮಸ್ಸಿತ್ತು. ಒಬ್ಬೊಬ್ಬರಿಗೆ ದೇವಸ್ಥಾನದ ಗೋಡೆಯ ಒಂದೊಂದು ಭಾಗ, ಎರಡು ನಿಮಿಷ. ಚೀಟಿಯಲ್ಲಿ ಐದು ಪದಕ್ಕಿಂತ ಜಾಸ್ತಿ ಇರಬಾರದು, ಪೂರ್ತಿ ವಾಕ್ಯವಂತೂ ಕೂಡದು. ಮೊದಲು ಕನ್ನಡದಲ್ಲಿ ನನಗೆ ಕತೆ ಹೇಳಬೇಕು. ಆಮೇಲೆ ಇಂಗ್ಲಿಷಿನಲ್ಲಿ ಗೆಳೆಯನಿಗೆ, ಆಮೇಲೆ ನಾಲ್ಕು ಜನಕ್ಕೆ, ಆಮೇಲೆ ಕ್ಲಾಸಿಗೆ. ಹದಿನೈದು ದಿನ ಹಿಡಿಯಿತು.

ಆಮೇಲೆ ಹಳೇಬೀಡಿಗೇ ಹೋದೆವು. ಅಲ್ಲಿನ ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಗೋಡೆಯ ತೀರಾ ಕೆಳಗೆ ಕೆತ್ತಿದ ಆನೆ ಸಾಲು ಒಬ್ಬ ಹುಡುಗನ ಪಾಲಿಗೆ ಬಂದಿತ್ತು. ಅವನು ಹೇಳುತ್ತಿದ್ದಾಗ ಪ್ರವಾಸಕ್ಕೆ ಬಂದಿದ್ದ ಒಬ್ಬರು ನಿಂತು, ಆನೆ ಯಾಕೆ ಕೆಳಗೇ ಇದೆ ಅಂತ ಇಂಗ್ಲಿಷಿನಲ್ಲೇ ಕೇಳಿಬಿಟ್ಟರು. ಚೀಟಿಯಲ್ಲಿ ಅದು ಇರಲಿಲ್ಲ. ನನ್ನ ಎದೆ ಡವಡವ. ಅವನು ಗೋಡೆ ನೋಡಿದ, ಮೇಲೆ ನೋಡಿದ, "ಟೆಂಪಲ್ ಹೆವಿ. ಎಲಿಫೆಂಟ್ ಸ್ಟ್ರಾಂಗ್" ಅಂದ. ಅವರು ತಲೆಯಾಡಿಸಿ ನಕ್ಕರು.

ಅಲ್ಲಿ ತಿದ್ದಲಿಲ್ಲ. ಮಾರನೇ ದಿನ ಕ್ಲಾಸಿನಲ್ಲಿ, ನಡುವೆ 'ಈಸ್' ಬರಬೇಕಪ್ಪಾ ಅಂದೆ.

"ಅದಿಲ್ದೇನೇ ಅವ್ರಿಗೆ ಅರ್ಥ ಆಯ್ತಲ್ಲಾ ಸಾರ್?" ಅಂದ.