ಷೇರು, ಸ್ಕ್ಯಾನ್, ನಗರದ ನಕ್ಷೆ: ಪರೀಕ್ಷೆಗೆ ಡೇಟಾ ಎತ್ತಿಡುವ ಕೆಲಸ

ನಾನು ಸಂಖ್ಯಾಶಾಸ್ತ್ರ ಓದಿ ಸಂಶೋಧನೆಗೆ ಬಂದವರ ಪೈಕಿ. ನನ್ನದೇ ಅಂತ ಒಂದು ಕ್ಷೇತ್ರ ಇಲ್ಲ. ಬೇರೆ ವಿಭಾಗದವರು ಡೇಟಾ ತರುತ್ತಾರೆ, ಅವರ ಜೊತೆ ಕೂತು ಲೆಕ್ಕ ಮಾಡುತ್ತೇನೆ. ಹೀಗೇ ಮಾಡುತ್ತಾ ಮೂರು ಕಡೆ ನೆಲೆ ನಿಂತೆ: ಷೇರು ಹೂಡಿಕೆ, ವೈದ್ಯಕೀಯ ಚಿತ್ರಗಳು, ನಗರ ಯೋಜನೆ. ಇವುಗಳ ನಡುವೆ ಏನು ಸಂಬಂಧ ಅಂತ ಎಲ್ಲರೂ ಕೇಳುತ್ತಾರೆ. ನನಗಂತೂ ಮೂರರಲ್ಲೂ ಒಂದೇ ಪ್ರಶ್ನೆ ಎದುರಾಗುತ್ತದೆ. ಯಾವ ಡೇಟಾದಿಂದ ಮಾಡೆಲ್‌ಗೆ (ಉದಾಹರಣೆ ನೋಡಿ ಊಹಿಸಲು ಕಲಿಯುವ ಕಂಪ್ಯೂಟರ್ ಲೆಕ್ಕಕ್ಕೆ) ಕಲಿಸಬೇಕು, ಯಾವುದನ್ನು ಪರೀಕ್ಷೆಗೆ ಎತ್ತಿಡಬೇಕು? ನನ್ನ ಹೆಚ್ಚಿನ ಹೊತ್ತು ಹೋಗುವುದು ಇದಕ್ಕೇ.

ಡೇಟಾ ಕೋಷ್ಟಕದಲ್ಲಿ ಒಂದೊಂದು ಉದಾಹರಣೆಗೂ ಒಂದೊಂದು ಸಾಲು. ಎಲ್ಲ ಸಾಲುಗಳನ್ನೂ ಬೆರೆಸಿ, ನೂರಕ್ಕೆ ಎಂಬತ್ತು ಕಲಿಕೆಗೆ, ಇಪ್ಪತ್ತು ಪರೀಕ್ಷೆಗೆ ಅಂತ ಹಂಚುವುದು ಸಾಮಾನ್ಯ ಪದ್ಧತಿ. ಒಂದು ಸಾಲಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದರೆ ಅದು ಸರಿ. ನನ್ನ ಮೂರು ಕ್ಷೇತ್ರಗಳಲ್ಲಿ ಮಾತ್ರ ಯಾವ ಸಾಲೂ ಒಂಟಿ ಅಲ್ಲ. ಇವತ್ತಿನ ಬೆಲೆಗೆ ನಿನ್ನೆಯ ಬೆಲೆಯ ನಂಟಿದೆ. ಸ್ಕ್ಯಾನ್‌ನ ಒಂದು ಪದರ ಅದರ ಪಕ್ಕದ ಪದರದ ಹಾಗೇ ಕಾಣುತ್ತದೆ. ಒಂದು ನಿವೇಶನದ ಪಕ್ಕದಲ್ಲಿ ಮನೆ ಎದ್ದರೆ ಇಲ್ಲೂ ಏಳುವ ಸಾಧ್ಯತೆ ಜಾಸ್ತಿ. ಅಕ್ಕಪಕ್ಕದವು ಹೀಗೆ ಒಂದು ಕಲಿಕೆಗೆ, ಒಂದು ಪರೀಕ್ಷೆಗೆ ಹೋದರೆ ಪ್ರಶ್ನೆಪತ್ರಿಕೆ ಮೊದಲೇ ಸೋರಿದ ಹಾಗೆ. ಅಂಕ ಬರುತ್ತದೆ, ಆದರೆ ಕಲಿತದ್ದು ಎಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ವೈದ್ಯಕೀಯ ಚಿತ್ರಗಳಲ್ಲಿ ಇದು ಎಷ್ಟು ಬಗೆಯಲ್ಲಿ ಸೋರುತ್ತದೆ ನೋಡಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2017ರಲ್ಲಿ ಎದೆಯ ಎಕ್ಸ್‌ರೇಗಳ ದೊಡ್ಡ ಸಂಗ್ರಹವೊಂದನ್ನು ಎಲ್ಲರಿಗೂ ಮುಕ್ತ ಮಾಡಿತು. ಚಿತ್ರಗಳು 1,12,120. ರೋಗಿಗಳು 30,805. ಒಬ್ಬೊಬ್ಬರದು ಸರಾಸರಿ ಮೂರೂವರೆಗೂ ಜಾಸ್ತಿ ಚಿತ್ರ ಅಂತಾಯಿತು. ಚಿತ್ರಗಳನ್ನು ಸುಮ್ನೆ ಬೆರೆಸಿ ಹಂಚಿದರೆ ಒಬ್ಬರದೇ ಚಿತ್ರ ಎರಡೂ ಕಡೆ ಬೀಳುತ್ತದೆ. ಪಕ್ಕೆಲುಬಿನ ಆಕಾರ, ಹಳೆಯ ಆಪರೇಷನ್ನಿನ ತಂತಿ, ಪೇಸ್‌ಮೇಕರ್ ಇವೆಲ್ಲ ಆ ಮನುಷ್ಯನ ಗುರುತುಗಳು. ಮಾಡೆಲ್ ಕಾಯಿಲೆಯ ಬದಲು ಮನುಷ್ಯನನ್ನೇ ನೆನಪಿಟ್ಟುಕೊಳ್ಳುವ ಸಾಧ್ಯತೆ ಇದೆ. ಅದಕ್ಕೇ ನಾನು ಯಾವತ್ತೂ ರೋಗಿಯ ಗುರುತಿನ ಸಂಖ್ಯೆ ಹಿಡಿದು ಹಂಚುತ್ತೇನೆ. ಒಬ್ಬರ ಚಿತ್ರಗಳೆಲ್ಲ ಒಂದೇ ಕಡೆ. ದೇಹದ ಒಳಭಾಗವನ್ನು ಪದರ ಪದರವಾಗಿ ತೋರಿಸುವ ಸಿಟಿ, ಎಂಆರ್‌ಐ ಸ್ಕ್ಯಾನ್‌ಗಳಲ್ಲಿ ಇದು ಇನ್ನೂ ಮುಖ್ಯ. ಒಂದೇ ಸ್ಕ್ಯಾನ್‌ನಲ್ಲಿ ನೂರಾರು ಪದರ ಇರಬಹುದು. ಪದರಗಳ ನಡುವಿನ ಅಂತರ ಮಿಲಿಮೀಟರ್‌ಗಳ ಲೆಕ್ಕದ್ದು. ಪದರಗಳನ್ನು ಬೇರೆ ಬೇರೆ ಚಿತ್ರ ಅಂತ ಎಣಿಸಿ ಹತ್ತಾರು ಸಾವಿರ ಉದಾಹರಣೆ ಇದೆ ಅಂತ ಸಂಶೋಧನಾ ಪೇಪರ್‌ನಲ್ಲಿ ಬರೆದರೂ, ನಿಜಕ್ಕೂ ಇರುವುದು ಕೆಲವೇ ನೂರು ಜನ.

ರೋಗಿಗಳನ್ನು ಬೇರೆ ಮಾಡಿದರೆ ಮುಗಿಯಿತಾ? ಇಲ್ಲ. ಆಸ್ಪತ್ರೆಯ ಗುರುತು ಉಳಿದೇ ಇರುತ್ತದೆ. ನ್ಯುಮೋನಿಯಾ ಗುರುತಿಸುವ ಮಾಡೆಲ್‌ಗಳ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನವನ್ನು ಹೊಸಬರಿಗೆಲ್ಲ ಮೊದಲು ಓದಿಸುತ್ತೇನೆ. ಮೂರು ಆಸ್ಪತ್ರೆ ವ್ಯವಸ್ಥೆಗಳ 1,58,323 ಎಕ್ಸ್‌ರೇ ಅದರಲ್ಲಿದ್ದವು. ಬರೀ ಚಿತ್ರ ನೋಡಿ ಇದು ಯಾವ ಆಸ್ಪತ್ರೆಯದು ಅಂತ ಮಾಡೆಲ್ ಹೆಚ್ಚೂಕಡಿಮೆ ತಪ್ಪಿಲ್ಲದೆ ಹೇಳಿತು. ಒಂದು ಕಡೆಯ ಚಿತ್ರಗಳಲ್ಲಿ ನ್ಯುಮೋನಿಯಾ ಸುಮಾರು 34%, ಇನ್ನೊಂದು ಕಡೆ 1% ಆಸುಪಾಸು. ಆಸ್ಪತ್ರೆ ಯಾವುದು ಅಂತ ಗೊತ್ತಾದರೆ ಸಾಕು, ಶ್ವಾಸಕೋಶ ನೋಡದೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಬೇರೆ ಆಸ್ಪತ್ರೆಗೆ ಒಯ್ದಾಗ ಅದೇ ಮಾಡೆಲ್ ಎಡವುತ್ತದೆ.

ನಾನು ಇದನ್ನು ಹಿಡಿಯುವ ಬಗೆ ಸರಳ. ವೈದ್ಯಕೀಯ ಚಿತ್ರಗಳನ್ನು ಇಡುವ ಡೈಕಾಮ್ ಫೈಲ್‌ನ ಹೆಡರ್‌ನಲ್ಲಿ, ಅಂದರೆ ಚಿತ್ರದ ಜೊತೆಗಿನ ಮಾಹಿತಿಯಲ್ಲಿ, ಯಂತ್ರದ ತಯಾರಕರು, ಯಂತ್ರದ ಮಾದರಿ, ಚಿತ್ರ ತೆಗೆದ ದಿನಾಂಕ ಇರುತ್ತವೆ. ಅವನ್ನೆಲ್ಲ ಒಂದು ಕೋಷ್ಟಕಕ್ಕೆ ಇಳಿಸಿ, ಕಾಯಿಲೆ ಇರುವವರು ಇಲ್ಲದವರು ಯಾವ ಯಂತ್ರದಲ್ಲಿ ಎಷ್ಟು ಅಂತ ನೋಡುತ್ತೇನೆ. ಆಮೇಲೆ ಚಿತ್ರದಿಂದ ಬರೀ ಆಸ್ಪತ್ರೆಯ ಹೆಸರು ಊಹಿಸುವ ಒಂದು ಸಣ್ಣ ಮಾಡೆಲ್‌ಗೆ ಕಲಿಸುತ್ತೇನೆ. ಅದು ಗೆದ್ದರೆ, ಮುಂದಿನ ಎಲ್ಲ ಫಲಿತಾಂಶವನ್ನೂ ಅನುಮಾನದಿಂದ ನೋಡಬೇಕು ಅಂತರ್ಥ. ಕೊನೆಗೆ ಒಂದು ಇಡೀ ಆಸ್ಪತ್ರೆಯನ್ನೇ ಪರೀಕ್ಷೆಗೆ ಎತ್ತಿಡುತ್ತೇನೆ. ಎಂಆರ್‌ಐ ಆದರೆ ಹೆಚ್ಚು ಎಚ್ಚರ. ಸಿಟಿ ಸ್ಕ್ಯಾನ್‌ನಲ್ಲಿ ಹೊಳಪಿಗೆ ಹೌನ್ಸ್‌ಫೀಲ್ಡ್ ಅನ್ನುವ ನಿಗದಿತ ಅಳತೆ ಇದೆ, ನೀರು 0, ಗಾಳಿ −1000. ಎಲ್ಲಿ ತೆಗೆದರೂ ಆ ಸಂಖ್ಯೆಗೆ ಒಂದು ಅರ್ಥ ಇದೆ. ಮಾಮೂಲಿ ಎಂಆರ್‌ಐ ಚಿತ್ರದ ಹೊಳಪಿಗೆ ಅಂಥ ಮಾನ ಇಲ್ಲ. ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ, ಹಾಗಾಗಿ ಯಂತ್ರದ ಗುರುತು ಬೇಗ ಸೋರುತ್ತದೆ.

ರೇಡಿಯಾಲಜಿಸ್ಟ್‌ಗಳ ಪಕ್ಕ ಕೂರುವುದನ್ನು ನಾನು ಬಿಟ್ಟಿಲ್ಲ. ಇಬ್ಬರಿಗೆ ಒಂದೇ ಸ್ಕ್ಯಾನ್ ಕೊಟ್ಟು ಗಡ್ಡೆಯ ಅಂಚು ಎಳೆಯಿರಿ ಅಂದರೆ ಇಬ್ಬರ ಗೆರೆ ಕೂಡುವುದಿಲ್ಲ. ಅದು ಅವರ ಕೊರತೆ ಅಲ್ಲ, ಅಂಚೇ ಅಷ್ಟು ಮಸುಕು. ಎರಡು ಗೆರೆಗಳು ಎಷ್ಟು ಹೊಂದುತ್ತವೆ ಅಂತ ಹೇಳಲು ಡೈಸ್ ಅಂಕ ಬಳಸುತ್ತೇವೆ. ಎರಡೂ ಗೆರೆಗಳ ಒಳಗೆ ಬೀಳುವ ಜಾಗದ ಎರಡರಷ್ಟನ್ನು, ಎರಡರ ಗಾತ್ರಗಳ ಮೊತ್ತದಿಂದ ಭಾಗಿಸಿದರೆ ಅದು ಸಿಗುತ್ತದೆ. ಇದರಲ್ಲೂ ಒಂದು ಸೂಕ್ಷ್ಮ ಇದೆ. 40×40 ಪಿಕ್ಸೆಲ್ ಚೌಕವನ್ನು ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿಸಿದರೆ ಡೈಸ್ 0.975. 4×4 ಚೌಕವನ್ನು ಅಷ್ಟೇ ಸರಿಸಿದರೆ 0.75. ತಪ್ಪು ಒಂದೇ, ಅಂಕ ಬೇರೆ! ಅದಕ್ಕೆ ಸಣ್ಣ ಗಡ್ಡೆಗಳನ್ನೂ ದೊಡ್ಡವನ್ನೂ ಸೇರಿಸಿ ಒಂದೇ ಸರಾಸರಿ ಕೊಡುವುದಕ್ಕೆ ನಾನು ಒಪ್ಪುವುದಿಲ್ಲ. ಇಬ್ಬರು ತಜ್ಞರ ನಡುವಿನ ಅಂಕವನ್ನು ಮೊದಲು ಬರೆದು, ಮಾಡೆಲ್‌ನ ಅಂಕವನ್ನು ಅದರ ಪಕ್ಕದಲ್ಲೇ ಇಡುತ್ತೇವೆ.

ಷೇರುಪೇಟೆಯಲ್ಲಿ ಸೋರಿಕೆ ಆಗುವುದು ಕಾಲದ ಮೂಲಕ. ನಾಳೆಯ ಮಾಹಿತಿ ಇವತ್ತಿನ ನಿರ್ಧಾರದೊಳಗೆ ಸದ್ದಿಲ್ಲದೆ ನುಗ್ಗುತ್ತದೆ. ಕಂಪನಿಯ ಲೆಕ್ಕದ ವರ್ಷ ಡಿಸೆಂಬರ್‌ಗೆ ಮುಗಿದರೆ, ಲಾಭದ ಅಂಕಿಯ ಎದುರು ಡೇಟಾಬೇಸ್ ಡಿಸೆಂಬರ್ ಅಂತಲೇ ತೋರಿಸಬಹುದು. ಆದರೆ ಹೂಡಿಕೆದಾರರ ಕೈಗೆ ಆ ಅಂಕಿ ಸಿಗುವುದು ಕೆಲವು ತಿಂಗಳು ಕಳೆದ ಮೇಲೆ. ಹಣಕಾಸು ಸಂಶೋಧಕರಾದ ಫಾಮಾ ಮತ್ತು ಫ್ರೆಂಚ್ 1992ರ ಪೇಪರ್‌ನಲ್ಲಿ ಇದಕ್ಕೆ ಕೊಟ್ಟ ಪರಿಹಾರ ಈಗಲೂ ನಡೆಯುತ್ತಿದೆ: ಹಿಂದಿನ ವರ್ಷದ ಲೆಕ್ಕವನ್ನು ಮುಂದಿನ ಜುಲೈನಿಂದ ಮಾತ್ರ ಬಳಸುವುದು, ಅಂದರೆ ಕನಿಷ್ಠ ಆರು ತಿಂಗಳ ಅಂತರ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಕಂಪನಿಗಳು ಹಳೆಯ ಅಂಕಿಯನ್ನು ಆಮೇಲೆ ತಿದ್ದುತ್ತವೆ. ಹಾಗಾಗಿ ಪ್ರತಿ ಅಂಕಿಗೂ ಅದು ಮೊದಲ ಸಲ ಹೊರಬಂದ ದಿನಾಂಕವನ್ನು ಬೇರೆ ಕಾಲಂನಲ್ಲಿ ಇಡುತ್ತೇನೆ. ಮುಳುಗಿಹೋದ, ಷೇರುಪೇಟೆಯಿಂದ ತೆಗೆದುಹಾಕಿದ ಕಂಪನಿಗಳೂ ನಮ್ಮ ಡೇಟಾದಲ್ಲಿ ಇರಲೇಬೇಕು. ಇವತ್ತು ಉಳಿದಿರುವ ಕಂಪನಿಗಳನ್ನಷ್ಟೇ ಹಿಡಿದು ಇಪ್ಪತ್ತು ವರ್ಷ ಹಿಂದಕ್ಕೆ ಹೋದರೆ ಗೆದ್ದವರನ್ನು ಮೊದಲೇ ಆರಿಸಿಕೊಂಡ ಹಾಗಾಗುತ್ತದೆ.

ಷೇರು ಕೊಟ್ಟ ಹನ್ನೆರಡು ತಿಂಗಳ ಲಾಭವನ್ನು ಪ್ರತಿ ತಿಂಗಳೂ ಲೆಕ್ಕ ಹಾಕಿದರೆ ಅಕ್ಕಪಕ್ಕದ ಎರಡು ಸಾಲುಗಳಲ್ಲಿ ಹನ್ನೊಂದು ತಿಂಗಳು ಒಂದೇ. ಅದಕ್ಕೆ ಕಲಿಕೆಯ ಕಾಲ ಮುಗಿದು ಪರೀಕ್ಷೆಯ ಕಾಲ ಶುರುವಾಗುವ ನಡುವೆ ಒಂದು ಖಾಲಿ ಅವಧಿ ಬಿಡುತ್ತೇನೆ. ಲಾಭದ ಅವಧಿ ಎಷ್ಟೋ ಕನಿಷ್ಠ ಅಷ್ಟು. ಆ ತಿಂಗಳುಗಳನ್ನು ಎರಡೂ ಕಡೆ ಬಳಸುವುದಿಲ್ಲ. ಡೇಟಾ ವ್ಯರ್ಥ ಅಂತ ಸಹೋದ್ಯೋಗಿಗಳು ಕೊರಗುತ್ತಾರೆ. ಆದರೂ ನಾನು ಬಿಟ್ಟುಕೊಡುವುದಿಲ್ಲ.

ಷೇರಿನ ಸಂಶೋಧನೆಯಲ್ಲಿ ಇನ್ನೊಂದು ಕಷ್ಟ ಇದೆ, ಅದು ಸಾಲು ಹಂಚುವುದರಿಂದ ತೀರುವುದಿಲ್ಲ. ಎಲ್ಲರೂ ಅದೇ ಇತಿಹಾಸವನ್ನು ಮತ್ತೆ ಮತ್ತೆ ಕೆದಕುತ್ತಿದ್ದಾರೆ. ಏನೂ ಕೆಲಸ ಮಾಡದ 20 ಹೂಡಿಕೆ ನಿಯಮಗಳನ್ನು, ಒಂದಕ್ಕೊಂದು ಸಂಬಂಧ ಇಲ್ಲದವನ್ನು, 5% ಮಟ್ಟದಲ್ಲಿ (ಅಂದರೆ ಒಂದೊಂದೂ ಬರೀ ಅದೃಷ್ಟದಿಂದ ಗೆಲ್ಲುವ ಸಾಧ್ಯತೆ ನೂರಕ್ಕೆ ಐದು) ಪರೀಕ್ಷಿಸಿದರೆ ಕನಿಷ್ಠ ಒಂದಾದರೂ ಗೆದ್ದಂತೆ ಕಾಣುವ ಸಾಧ್ಯತೆ 64%. ಹಾರ್ವೆ, ಲಿಯು, ಝು 2016ರಲ್ಲಿ ಬರೆದ ಪೇಪರ್ ಷೇರಿನ ಲಾಭವನ್ನು ವಿವರಿಸುತ್ತವೆ ಅಂತ ಹೇಳಲಾದ 316 ಅಂಶಗಳನ್ನು ಪಟ್ಟಿ ಮಾಡಿತು. ಹೊಸ ಅಂಶವೊಂದನ್ನು ನಂಬಬೇಕಾದರೆ ಟಿ ಮೌಲ್ಯ (ಫಲಿತಾಂಶ ಅದರ ಅನಿಶ್ಚಿತತೆಯ ಎಷ್ಟು ಪಟ್ಟು ಅನ್ನುವ ಅಳತೆ) 2 ಸಾಲದು, 3 ದಾಟಬೇಕು ಅಂತ ಅವರು ವಾದಿಸಿದರು. ಅದೇ ವರ್ಷ ಮೆಕ್ಲೀನ್ ಮತ್ತು ಪಾಂಟಿಫ್ ಪ್ರಕಟವಾದ 97 ಅಂಶಗಳನ್ನು ಹಿಂಬಾಲಿಸಿ ನೋಡಿದರು. ಮೂಲ ಅಧ್ಯಯನದ ಕಾಲ ದಾಟಿದ ಮೇಲೆ ಲಾಭ 26% ಇಳಿದಿತ್ತು, ಪೇಪರ್ ಪ್ರಕಟವಾದ ಮೇಲೆ 58% ಇಳಿದಿತ್ತು. ಇಲ್ಲಿ ಸಂಶೋಧನೆಯೇ ಪೇಟೆಯನ್ನು ಬದಲಿಸುತ್ತದೆ. ಎಕ್ಸ್‌ರೇಯಲ್ಲಿ ಹಾಗಾಗುವುದಿಲ್ಲ. ಕಾಯಿಲೆ ನಮ್ಮ ಪೇಪರ್ ಓದುವುದಿಲ್ಲ ಅಲ್ವಾ?

ಅದಕ್ಕೇ ನಾವು ನೋಡಿದ ಪ್ರತಿ ನಿಯಮವನ್ನೂ, ಬಿಟ್ಟದ್ದನ್ನೂ ಸೇರಿಸಿ, ಒಂದು ದಾಖಲೆಯಲ್ಲಿ ಬರೆದಿಡುತ್ತೇವೆ. ಪೇಪರ್ ಬರೆಯುವಾಗ ಆ ಒಟ್ಟು ಸಂಖ್ಯೆಯನ್ನು ಮೊದಲ ಕೋಷ್ಟಕದ ಮೇಲೆಯೇ ಹಾಕುತ್ತೇನೆ. ಹೋಲಿಕೆಗೆ ಎಲ್ಲ ಷೇರಿಗೂ ಸಮ ಹಣ ಹಾಕುವ ಸಾದಾ ವಿಧಾನ ಇರಲೇಬೇಕು. 2009ರಲ್ಲಿ ಡೆಮಿಗೆಲ್, ಗಾರ್ಲಾಪ್ಪಿ, ಉಪ್ಪಲ್ ಹಣ ಹಂಚುವ 14 ಮಾಡೆಲ್‌ಗಳನ್ನು ಏಳು ಡೇಟಾ ಗುಂಪುಗಳಲ್ಲಿ ಅದರ ಎದುರು ನಿಲ್ಲಿಸಿದಾಗ ಯಾವುದೂ ಅದನ್ನು ಸತತವಾಗಿ ಸೋಲಿಸಲಿಲ್ಲ.

ಈ ಸಾದಾ ಎದುರಾಳಿಯ ಬೆಲೆ ನನಗೆ ಅತಿ ಹೆಚ್ಚು ಅರ್ಥವಾದದ್ದು ನಗರ ಯೋಜನೆಯಲ್ಲಿ. ನಮ್ಮ ಕೆಲಸ ಇಷ್ಟು: ಹಳೆಯ ಉಪಗ್ರಹ ಚಿತ್ರಗಳಿಂದ ನಗರ ಎತ್ತ ಬೆಳೆಯಿತು ಅಂತ ಕಲಿತು, ಮುಂದೆ ಎಲ್ಲಿ ಕಟ್ಟಡ ಏಳುತ್ತದೆ ಅಂತ ಊಹಿಸುವುದು. ನೆಲದ ಚಿತ್ರ ತೆಗೆಯುವ ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್ ಮೊದಲು ಹಾರಿದ್ದು 1972ರಲ್ಲಿ. 2008ರಿಂದ ಆ ಸಂಗ್ರಹ ಉಚಿತ ಆದ ಮೇಲೆ ದಶಕಗಳ ಇತಿಹಾಸ ಎಲ್ಲರಿಗೂ ಸಿಕ್ಕಿತು. ಈಗ ಹೀಗೆ ಯೋಚಿಸಿ. ನಕ್ಷೆಯಲ್ಲಿ 10,000 ಚೌಕಗಳು. ಹತ್ತು ವರ್ಷದಲ್ಲಿ 500 ಚೌಕ ಮಾತ್ರ ಬದಲಾಗಿವೆ. ಮಾಡೆಲ್ ಕೂಡ 500 ಚೌಕ ಬದಲಾಗುತ್ತವೆ ಅಂತ ಹೇಳಿತು, ಅದರಲ್ಲಿ 150 ಸರಿ. ಬದಲಾದರೂ ಮಾಡೆಲ್‌ಗೆ ತಪ್ಪಿಹೋದವು 350, ಬದಲಾಗದಿದ್ದರೂ ಸುಮ್ನೆ ಎಚ್ಚರಿಸಿದವು 350. ನಿಖರತೆ, ಅಂದರೆ ಒಟ್ಟು ಚೌಕಗಳಲ್ಲಿ ಸರಿ ಹೇಳಿದ್ದು, 93%. ನೋಡಲು ಚೆನ್ನಾಗಿದೆ. ಆದರೆ ಏನೂ ಬದಲಾಗುವುದಿಲ್ಲ ಅಂತ ಹೇಳಿ ಕೈಕಟ್ಟಿ ಕೂತರೆ ನಿಖರತೆ 95%!

ಹಾಗಂತ ಮಾಡೆಲ್ ದಂಡ ಅಲ್ಲ. ಕಣ್ಣು ಮುಚ್ಚಿ 500 ಚೌಕ ಆರಿಸಿದ್ದರೆ ಸರಿಯಾಗುತ್ತಿದ್ದದ್ದು ಸುಮಾರು 25. ಇದು 150 ಹಿಡಿದಿದೆ. ತಪ್ಪಿರುವುದು ಅಳತೆಗೋಲಿನಲ್ಲಿ. ಆದ್ದರಿಂದ ನಾನು ಬದಲಾವಣೆಯನ್ನಷ್ಟೇ ಅಳೆಯುತ್ತೇನೆ. ಸರಿ ಹಿಡಿದದ್ದು, ತಪ್ಪಿಹೋದದ್ದು, ಸುಮ್ನೆ ಎಚ್ಚರಿಸಿದ್ದು ಈ ಮೂರನ್ನೂ ಕೂಡಿಸಿ, ಆ ಮೊತ್ತದಿಂದ ಸರಿ ಹಿಡಿದದ್ದನ್ನು ಭಾಗಿಸುತ್ತೇನೆ: 150ನ್ನು 850ರಿಂದ, ಅಂದರೆ 17.6%. ಪಾಂಟಿಯಸ್ ಮತ್ತು ಅವರ ಜೊತೆಗಾರರು 2008ರಲ್ಲಿ ಇಂಥ 13 ನಕ್ಷೆಗಳನ್ನು ಹೋಲಿಸಿದಾಗ, 12ರಲ್ಲಿ ಸರಿಯಾಗಿ ಹಿಡಿದ ಬದಲಾವಣೆಗಿಂತ ತಪ್ಪಾದ ಪಿಕ್ಸೆಲ್‌ಗಳೇ ಜಾಸ್ತಿ ಇದ್ದವು. ಯೋಜನೆ ಮಾಡುವವರಿಗೆ ನಾನು ಈ ಸಣ್ಣ ಸಂಖ್ಯೆಯನ್ನೇ ಕೊಡುತ್ತೇನೆ. ನೀರಿನ ಪೈಪು, ಶಾಲೆ, ರಸ್ತೆ ಎಲ್ಲಿ ಬೇಕು ಅಂತ ಅವರು ನಿರ್ಧರಿಸುವುದು ಬದಲಾಗುವ ಚೌಕಗಳ ಮೇಲೆ ತಾನೇ.

ಹಂಚುವ ವಿಚಾರಕ್ಕೆ ಬಂದರೆ, ಹತ್ತಿರದವು ದೂರದವಕ್ಕಿಂತ ಹೆಚ್ಚು ನಂಟು ಹೊಂದಿರುತ್ತವೆ ಅಂತ ಭೂಗೋಳ ತಜ್ಞ ಟಾಬ್ಲರ್ 1970ರಲ್ಲೇ ಹೇಳಿದ್ದರು. ಎಷ್ಟು ದೂರದವರೆಗೆ ಈ ನಂಟು ಇದೆ ಅಂತ ವೇರಿಯೋಗ್ರಾಮ್ (ದೂರ ಹೆಚ್ಚಿದಂತೆ ವ್ಯತ್ಯಾಸ ಎಷ್ಟು ಹೆಚ್ಚುತ್ತದೆ ಅಂತ ತೋರಿಸುವ ನಕ್ಷಾರೇಖೆ) ಹಾಕಿ ನೋಡುತ್ತೇನೆ. ಆ ದೂರಕ್ಕಿಂತ ದೊಡ್ಡ ಬ್ಲಾಕ್‌ಗಳಾಗಿ ನಕ್ಷೆಯನ್ನು ಕತ್ತರಿಸಿ, ಇಡೀ ಬ್ಲಾಕ್‌ಗಳನ್ನೇ ಪರೀಕ್ಷೆಗೆ ಇಡುತ್ತೇನೆ. ನಡುವೆ ಒಂದು ಪಟ್ಟಿ ಖಾಲಿ ಬಿಡುತ್ತೇನೆ. ಷೇರಿನಲ್ಲಿ ಖಾಲಿ ತಿಂಗಳು, ಇಲ್ಲಿ ಖಾಲಿ ನೆಲ. ಗಡಿ ಎಳೆಯುವುದೂ ಫಲಿತಾಂಶವನ್ನು ಬದಲಿಸುತ್ತದೆ. ಓಪನ್‌ಷಾ ಮತ್ತು ಟೇಲರ್ 1979ರಲ್ಲಿ ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು (ನಮ್ಮ ಜಿಲ್ಲೆಯಂಥವು) ಬೇರೆ ಬೇರೆ ರೀತಿ ಗುಂಪು ಮಾಡಿ, ವಯಸ್ಸಾದವರ ಪಾಲಿಗೂ ಒಂದು ಪಕ್ಷದ ಮತಕ್ಕೂ ಇರುವ ಸಂಬಂಧವನ್ನು ಋಣದಿಂದ (ಒಂದು ಏರಿದರೆ ಇನ್ನೊಂದು ಇಳಿಯುವುದು) ಧನದವರೆಗೆ (ಎರಡೂ ಒಟ್ಟಿಗೆ ಏರುವುದು) ಹೇಗೆ ಬೇಕಾದರೂ ತೋರಿಸಬಹುದು ಅಂತ ಸಾಬೀತು ಮಾಡಿದರು. ವಾರ್ಡ್ ಮಟ್ಟದ ಫಲಿತಾಂಶವನ್ನು ನಾನು ಕನಿಷ್ಠ ಇನ್ನೊಂದು ಬಗೆಯ ವಿಂಗಡಣೆಯಲ್ಲೂ ಮಾಡಿ ನೋಡದೆ ಬಿಡುವುದಿಲ್ಲ.

ಎತ್ತಿಟ್ಟ ಪರೀಕ್ಷೆಯ ಡೇಟಾ ನನ್ನ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ಪೇಪರ್‌ನಲ್ಲಿ ಹೆಸರು ಇಲ್ಲದ ಒಬ್ಬರ ಹತ್ತಿರ ಇರುತ್ತದೆ. ಎಲ್ಲ ನಿರ್ಧಾರ ಬರೆದು ಮುಗಿಸಿದ ಮೇಲೆ ಒಂದೇ ಸಲ ತೆರೆಯುತ್ತೇವೆ. ತೆರೆದ ಮೇಲೆ ಮಾಡೆಲ್ ಬದಲಿಸಬೇಕಾಗಿ ಬಂದರೆ ಹಳೆಯ ಅಂಕ, ಹೊಸ ಅಂಕ ಎರಡನ್ನೂ ವರದಿ ಮಾಡುತ್ತೇವೆ. ಅಲ್ಲಿಂದ ಮುಂದೆ ಆ ಡೇಟಾ ಕಲಿಕೆಯ ರಾಶಿಗೆ ಸೇರುತ್ತದೆ, ಮತ್ತೆ ಪರೀಕ್ಷೆಗೆ ಬರುವುದಿಲ್ಲ. ಹೊಸದು ಎಲ್ಲಿಂದ ತರುವುದು? ಚಿತ್ರಗಳಿಗೆ ಇನ್ನೊಂದು ಆಸ್ಪತ್ರೆಯನ್ನು ಕೇಳಬಹುದು. ನಕ್ಷೆಗೆ ಇನ್ನೊಂದು ನಗರವನ್ನು ತೆಗೆದುಕೊಳ್ಳಬಹುದು. ಷೇರಿಗೆ ಬೇರೆ ದೇಶದ ಪೇಟೆ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಪೇಟೆಗಳು ಒಟ್ಟಿಗೇ ಏರಿ ಒಟ್ಟಿಗೇ ಬೀಳುವುದು ಜಾಸ್ತಿ, ಹಾಗಾಗಿ ಅದೂ ಪೂರ್ತಿ ಹೊಸದಲ್ಲ. ಅಲ್ಲಿ ತಿಂಗಳಿಗೆ ಒಂದು ತಿಂಗಳಷ್ಟೇ ಡೇಟಾ ಹುಟ್ಟುತ್ತದೆ, ಅದಕ್ಕೆ ಕಾಯುತ್ತೇವೆ.