ಮಣ್ಣಿನಲ್ಲಿ ಬಿಸಿ ಹೇಗೆ ಹರಿಯುತ್ತದೆ? ಮನೆಯಲ್ಲೇ ನೋಡಿ

ಏಪ್ರಿಲ್ ಮಧ್ಯಾಹ್ನ ನಮ್ಮ ಕಾಸರಗೋಡಿನ ಪಾರೆ (ಬಯಲು ಬಂಡೆಹಾಸು) ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ, ಆದರೆ ಅದೇ ಗುಡ್ಡಕ್ಕೆ ನೀರಿಗಾಗಿ ಅಡ್ಡ ಕೊರೆದ ಸುರಂಗದೊಳಗೆ ತಂಪು, ಅಲ್ವಾ? ಹಗಲಿನ ಬಿಸಿ ಸಾಮಾನ್ಯ ಮಣ್ಣಿನಲ್ಲಿ ಅರ್ಧ ಮೀಟರ್ ಇಳಿಯುವಷ್ಟರಲ್ಲೇ ಹೆಚ್ಚುಕಡಿಮೆ ಸತ್ತುಹೋಗಿರುತ್ತದೆ.

ಒಂದೇ ಅಳತೆಯ ಎರಡು ಸ್ಟೀಲ್ ಲೋಟ ತಗೊಳ್ಳಿ. ಎರಡಕ್ಕೂ ಒಣ ಮರಳು ತುಂಬಿ, ಒಂದಕ್ಕೆ ಮಾತ್ರ ಮೇಲೆ ನೀರು ಕಾಣುವವರೆಗೆ ನಿಧಾನವಾಗಿ ನೀರು ಹಾಕಿ. ನಡುವಿಗೆ ಅಡುಗೆ ಥರ್ಮಾಮೀಟರ್ ಚುಚ್ಚಿ (ಜ್ವರ ನೋಡುವುದು ಬೇಡ, ಹಾಳಾಗುತ್ತದೆ). ಎರಡರ ಉಷ್ಣತೆ ಒಂದೇ ಆಗುವವರೆಗೆ ಕಾಯಿರಿ. ಆತುರ ಪಟ್ಟರೆ ಪರೀಕ್ಷೆ ಸುಮ್ನೆ ದಂಡ. ಆಮೇಲೆ ಸುಮಾರು 60 ಡಿಗ್ರಿ ಬಿಸಿನೀರಿನ ಪಾತ್ರೆಯಲ್ಲಿ, ಲೋಟದ ಬಾಯಿ ಮುಳುಗದ ಹಾಗೆ ಇಟ್ಟು, ನಿಮಿಷಕ್ಕೊಮ್ಮೆ ಬರೆದುಕೊಳ್ಳಿ.

ಒದ್ದೆ ಮರಳೇ ಬೇಗ ಬಿಸಿಯಾಗುತ್ತದೆ. ಒಣ ಕಣಗಳು ಒಂದಕ್ಕೊಂದು ಚುಕ್ಕಿಯಷ್ಟೇ ತಾಗುತ್ತವೆ, ನಡುವೆಲ್ಲ ಗಾಳಿ. ಗಾಳಿಯ ಉಷ್ಣವಾಹಕತೆ (ಬಿಸಿ ಸಾಗಿಸುವ ಶಕ್ತಿ) ಸುಮಾರು 0.025 W/m·K, ನೀರಿನದು 0.6. ಅಂದರೆ ನೀರು ಕಣದಿಂದ ಕಣಕ್ಕೆ ಸೇತುವೆ ಕಟ್ಟುತ್ತದೆ. ಒಣ ಮರಳನ್ನು ಒತ್ತಿ ತುಂಬಿದರೂ ಸ್ವಲ್ಪ ಜಾಸ್ತಿ ಸಾಗುತ್ತದೆ, ಹಾಗಾಗಿ ಎರಡು ಲೋಟವನ್ನೂ ಒಂದೇ ಸಮ ತಟ್ಟಿ.

ತೂತು ತೂತಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಗೂ ಇದೇ ಲೆಕ್ಕ: ಮಳೆಗಾಲದಲ್ಲಿ ನೀರು ಕುಡಿದರೆ ಬಿಸಿ ತಡೆಯುವ ಶಕ್ತಿ ಕಡಿಮೆ.